ಹಲಗೆಯಾಚೆಯ ಸರೋಜಕ್ಕ

ಸರೋಜಕ್ಕ ಬೇರೆಯವರ ಕಾಯಿಲೆಯನ್ನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಹೊಸನಗರದ ನಮ್ಮ ಕೇರಿಯಲ್ಲಿ ಯಾರೂ ಡಾಕ್ಟರ ಬಳಿಗೆ ಒಬ್ಬರೇ ಹೋಗುತ್ತಿರಲಿಲ್ಲ. ಮಾತಾಡಲಿಕ್ಕೆಂದು ಸರೋಜಕ್ಕನನ್ನು ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರು ರೋಗಿಯ ಮುಖ ನೋಡಿ ಎಲ್ಲಿ ನೋವು ಎಂದು ಕೇಳಿದರೆ ಉತ್ತರ ಪಕ್ಕದ ಕುರ್ಚಿಯಿಂದ ಬರುತ್ತಿತ್ತು. ಎಷ್ಟು ಸಲ ಕಕ್ಕಸಿಗೆ ಹೋದದ್ದು, ಅತ್ತೆ ಏನು ಅಂದದ್ದು, ಹಬ್ಬದ ದಿನ ಏನು ತಿಂದದ್ದು, ಎಲ್ಲವೂ ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳುವ ಹಾಗೆ.

"ನಾಚ್ಕೆ ಪಟ್ಕೊಂಡು ಕೂತ್ರೆ ಡಾಕ್ಟ್ರಾದ್ರೂ ಎಂತ ಮಾಡ್ತಾರೆ ಮಾರಾಯ್ತಿ? ಅವ್ರೇನು ಜೋಯಿಸ್ರಾ?" ಎನ್ನುತ್ತಿದ್ದರು.

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಂದ ನಾನು ಅವರ ಮನೆಯ ಅರ್ಧ ಭಾಗಕ್ಕೆ ಬಾಡಿಗೆಗೆ ಸೇರಿದೆ. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಸರೋಜಕ್ಕನ ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬ್ಲೌಸ್ ಹೊಲಿದು ಜೀವನ ನಡೆಸುತ್ತಿದ್ದರು. ದೊಡ್ಡ ಮೈ, ಗಿಡ್ಡ ಕುತ್ತಿಗೆ. ಬೆಳಿಗ್ಗೆ ಎದ್ದರೆ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡೇ ಕಾಫಿ ಕಾಸುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಉಷ್ಣ. ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ತೂಕಡಿಸುತ್ತಿದ್ದರು. ಬ್ಲೌಸಿಗೆ ಬಂದ ಹೆಂಗಸರು ಜಗುಲಿಯಲ್ಲಿ ಕಾದು ಕೂತು, "ಅಕ್ಕ ಎದ್ರಾ?" ಎಂದು ನನ್ನನ್ನು ಕೇಳುತ್ತಿದ್ದರು.

"ಊರೋರು ದುಡ್ಡು ಕೊಟ್ಟು ಮಾತ್ರೆ ತಗೊಂಡು ಮಲಗ್ತಾರೆ. ನಂಗೆ ನಿದ್ದೆ ಕೂತಲ್ಲೇ ಬರ್ತದೆ, ಪುಕ್ಸಟ್ಟೆ" ಎಂದು ನಗುತ್ತಿದ್ದರು ಸರೋಜಕ್ಕ.

ನನಗೆ ಬರುತ್ತಿರಲಿಲ್ಲ. ಅವರ ಗೊರಕೆ ಜೋರಾಗಿತ್ತು, ಆದರೆ ಜೋರಿಗೆ ಮನುಷ್ಯರು ಒಗ್ಗಿಕೊಳ್ಳುತ್ತಾರೆ. ನನ್ನನ್ನು ಎಚ್ಚರವಿಟ್ಟದ್ದು ಅದು ನಿಲ್ಲುತ್ತಿದ್ದ ರೀತಿ. ಓಡುತ್ತಿದ್ದ ಅಕ್ಕಿ ಗಿರಣಿಗೆ ಕರೆಂಟು ಹೋದ ಹಾಗೆ ಒಮ್ಮೆಲೇ ಎಲ್ಲ ಸ್ತಬ್ಧ. ಉಸಿರಿನ ಸದ್ದೂ ಇಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತು ಕಾಯುತ್ತಿದ್ದೆ. ಕೊನೆಗೆ ನೀರಿನಿಂದ ಮೇಲೆದ್ದವರ ಹಾಗೆ ಅವರು ಗಕ್ಕನೆ ಉಸಿರೆಳೆದುಕೊಂಡಾಗ ನಾನೂ ಉಸಿರು ಬಿಡುತ್ತಿದ್ದೆ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ. ತುಂಬ ತಡವಾಯಿತು ಅನ್ನಿಸಿದರೆ ಹಲಗೆಗೆ ಗುದ್ದುತ್ತಿದ್ದೆ. ಅವರು ಮಗ್ಗುಲು ಬದಲಿಸುತ್ತಿದ್ದರು.

"ಇಲಿ ಕಾಟ ಜಾಸ್ತಿಯಾಯ್ತು" ಎಂದು ಅವರು ಒಂದು ದಿನ ಪೇಟೆಯಿಂದ ಬೋನು ತಂದು, ಕೊಬ್ಬರಿ ಚೂರು ಸಿಕ್ಕಿಸಿ ಹಲಗೆಯ ಬುಡದಲ್ಲಿ ಇಟ್ಟರು.

ಒಂದು ಸಂಜೆ ಧೈರ್ಯ ಮಾಡಿ ಹೇಳಿಯೂ ನೋಡಿದೆ. "ಅಕ್ಕ, ನೀವು ಗೊರಕೆ ಹೊಡೀತೀರಿ."

"ನಮ್ಮಪ್ಪಂದು ಇನ್ನೂ ಜೋರು. ಕೊಟ್ಟಿಗೇಲಿ ದನ ಎದ್ದು ನಿಲ್ತಿದ್ವು."

"ಮಧ್ಯೆ ನಿಂತು ಹೋಗುತ್ತೆ ಅಕ್ಕ."

"ನಿಂತ್ರೆ ಒಳ್ಳೇದಲ್ವಾ? ಆಗ ನೀನು ಮಲಕ್ಕೊ."

ಅವರ ಜೊತೆ ನಾನೂ ನಗಬೇಕಾಯಿತು. ದಿನಾ ಬೆಳಿಗ್ಗೆ ನನ್ನ ತಟ್ಟೆಗೆ ಬಿಸಿ ಕಡುಬು ಹಾಕುವವರ ಮುಂದೆ ಆ ಮಾತನ್ನು ಎರಡನೇ ಸಲ ಎತ್ತುವುದು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಪಾಠದ ನಡುವೆ ಹೇಳುತ್ತಿದ್ದ ವಾಕ್ಯ ಮರೆತು ಬೋರ್ಡಿನ ಮುಂದೆ ನಿಲ್ಲುವಂತಾಗಿದ್ದೆ. ಮೆಟ್ಟಿಲು ಹತ್ತಿದರೆ ಕೈಕಾಲು ಸೋಲುತ್ತಿತ್ತು. ಅದು ಸರೋಜಕ್ಕನ ಕಣ್ಣಿಗೆ ಬಿತ್ತು. "ಮುಖ ನೋಡು, ಬಾಡಿದ ಬಸಳೆ. ನಾಳೆ ಸಾಗರಕ್ಕೆ ಹೋಗಣ" ಎಂದರು. ಬೇಡವೆನ್ನಲು ಬಿಡಲಿಲ್ಲ. ಬಸ್ಸು ಪೇಟೆ ದಾಟುವುದರೊಳಗೆ ನನ್ನ ಹೆಗಲ ಮೇಲೆ ಮಲಗಿದ್ದರು.

ಸಾಗರದ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ನಿದ್ದೆ ಯಾಕೆ ಬರುವುದಿಲ್ಲ ಎಂದು ನನ್ನನ್ನೇ ಕೇಳಿದರು.

"ಯೋಚ್ನೆ ಡಾಕ್ಟ್ರೇ" ಎಂದರು ಸರೋಜಕ್ಕ. "ಕೆಲಸ ಪರ್ಮನೆಂಟಲ್ಲ. ಮದ್ವೆ ಆಗಿಲ್ಲ. ಬಾಯಿ ಬಿಟ್ಟು ಎಂತದೂ ಹೇಳೋಳಲ್ಲ. ನಮ್ಮ ಮೇಡಮ್ಮು ಹೊಟ್ಟೇಲೇ ಇಟ್ಕೊಳ್ತಾಳೆ."

ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಂದೇ ಮಾತು, ಅದನ್ನು ಹೇಳಬೇಕಾದ ಜಾಗವೂ ಅದೇ. ಆದರೆ ಸರೋಜಕ್ಕ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ರಕ್ತ ಪರೀಕ್ಷೆಯಾಯಿತು, ಥೈರಾಯ್ಡೂ ಸರಿ, ರಕ್ತವೂ ಸರಿ. ಡಾಕ್ಟರು ಕಾಫಿ ಬಿಡಿಸಿದರು. ಕಬ್ಬಿಣದ ಮಾತ್ರೆ, ವಿಟಮಿನ್ ಮಾತ್ರೆ ಕೊಟ್ಟರು. ಊರಿಗೆ, ಅರಳಸುರಳಿಯ ನಮ್ಮ ಮನೆಗೆ ಹೋದಾಗ ಮಾತ್ರ ಬೆಳಗಿನವರೆಗೂ ನಿದ್ದೆ ಬರುತ್ತದೆ ಎಂದೆ. "ಅಮ್ಮನ ಮನೆ ಅಲ್ವಾ ಡಾಕ್ಟ್ರೇ" ಎಂದು ಅದಕ್ಕೂ ಸರೋಜಕ್ಕನೇ ಉತ್ತರ ಕೊಟ್ಟರು. ಕೊನೆಗೆ ಡಾಕ್ಟರು ಸಣ್ಣ ನಿದ್ದೆ ಮಾತ್ರೆ ಬರೆದರು. ಅದನ್ನು ನಾನು ನುಂಗಲಿಲ್ಲ. ನಾನು ಮಲಗಿಬಿಟ್ಟರೆ ಹಲಗೆಗೆ ಗುದ್ದುವವರು ಯಾರು?

ಒಬ್ಬಳೇ ಹೋಗಿ ಬರೋಣವೆಂದರೆ, ಬಸ್ಸಿನಲ್ಲಿ ಕಂಡಕ್ಟರ್, ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿ, ಎಲ್ಲರೂ ಸರೋಜಕ್ಕನ ಪರಿಚಯದವರು. ಸಂಜೆಗೇ ಅವರಿಗೆ ಸುದ್ದಿ ಮುಟ್ಟುತ್ತಿತ್ತು.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಉದ್ದನೆಯ ಫೋನ್ ಬಂತು. ಅವರು ಕಿಟಕಿಯ ಕಡೆ ತಿರುಗಿ ಮಾತಾಡುತ್ತಿದ್ದಾಗ, ಮಾತಿಗೆ ಅವಕಾಶವಿಲ್ಲದ ಸರೋಜಕ್ಕನ ಗದ್ದ ಎದೆಗೆ ತಾಗಿತು. ಬೇರೆ ದಿನವಾಗಿದ್ದರೆ ಮೆಲ್ಲಗೆ ಎಬ್ಬಿಸುತ್ತಿದ್ದೆ. ಅವತ್ತು ಕೈ ಮಡಚಿ ಕೂತೆ. ಗೊರಕೆ ಶುರುವಾಯಿತು. ಫೋನಿಟ್ಟು ತಿರುಗಿದ ಡಾಕ್ಟರು ನಗುತ್ತ ಏನೋ ಹೇಳಲು ಹೊರಟರು. ನಾನು ಕೈ ಎತ್ತಿ ತಡೆದೆ. ಯಾರ ಮಾತನ್ನೂ ಹಾಗೆ ತಡೆದವಳಲ್ಲ ನಾನು.

ಗೊರಕೆ ನಿಂತಿತು. ಡಾಕ್ಟರ ನಗೆ ಹಾಗೇ ಉಳಿಯಿತು, ಆಮೇಲೆ ಇಳಿಯಿತು. ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಆಗ ಸರೋಜಕ್ಕ ಗಕ್ಕನೆ ಉಸಿರೆಳೆದು, ಕಣ್ಣು ಬಿಟ್ಟು, ಬಿಟ್ಟಲ್ಲಿಂದಲೇ ಮುಂದುವರಿಸಿದರು: "ಮತ್ತೆ ಸುಸ್ತು ಹಾಗೇ ಉಂಟು ಡಾಕ್ಟ್ರೇ ಇವಳಿಗೆ."

"ಇವರಿಗೆ ಇರಲಿ. ನಿಮಗೆ ಬೆಳಿಗ್ಗೆ ತಲೆ ನೋಯ್ತದಾ?" ಎಂದರು ಡಾಕ್ಟರು.

"ಪೇಷೆಂಟ್ ಇವಳು."

ಡಾಕ್ಟರು ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಹೃದಯಕ್ಕೆ ಪೆಟ್ಟು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ, ವೈರು ಹಾಕಿ ನೋಡಬೇಕು. ಮುಖಕ್ಕೆ ಹಾಕಿಕೊಂಡು ಮಲಗುವ ಗಾಳಿಯ ಯಂತ್ರವಿದೆ, ಅದರಿಂದ ಸರಿಹೋಗುತ್ತದೆ. ಇದನ್ನು ತಡ ಮಾಡಬಾರದು.

ವಾಪಸು ಬರುವಾಗ ಸರೋಜಕ್ಕ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ. ನಮ್ಮ ನಿಲ್ದಾಣ ಬರುವ ಮುಂಚೆ ಹೇಳಿದರು: "ನಾನು ನಿನ್ನ ತೋರ್ಸಕ್ಕೆ ಕರ್ಕೊಂಡು ಹೋದ್ರೆ, ನೀನು ನನ್ನನ್ನೇ ತೋರಿಸ್ಬಿಟ್ಯಲ್ಲೇ."

"ಶಿವಮೊಗ್ಗಕ್ಕೆ ನಾನು ಬರ್ತೀನಿ ಅಕ್ಕ, ಜೊತೆಗೆ ಇರ್ತೀನಿ" ಎಂದೆ.

"ರಾತ್ರಿಯಿಡೀ ಯಾರೋ ಕೂತ್ಕೊಂಡು ನಾನು ಮಲಗೋದನ್ನ ನೋಡ್ತಾರಂತೆ. ಬಾಯಿ ಬಿಟ್ಕೊಂಡು, ಸೀರೆ ಎತ್ತ ಹೋಯ್ತೋ ಗೊತ್ತಿಲ್ದೆ. ನಂಗೆ ಮರ್ಯಾದೆ ಇಲ್ವಾ?"

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ವಾರವೇ ಅವರು ನನಗೆ ಪೇಟೆಯ ಇನ್ನೊಂದು ತುದಿಯಲ್ಲಿ ಕೋಣೆ ಹುಡುಕಿದರು. ನಾನು ಹೋಗುವುದಿಲ್ಲವೆಂದೆ. "ನಿದ್ದೆ ಇಲ್ದೆ ಸಾಯ್ತೀಯಾ? ನಿಮ್ಮಮ್ಮಂಗೆ ನಾನು ಎಂತ ಹೇಳ್ಲಿ?" ಎಂದು ನನ್ನ ಹಾಸಿಗೆಯನ್ನು ಅವರೇ ಸುತ್ತಿ ಆಟೋದಲ್ಲಿಟ್ಟರು. ಸಿಟ್ಟು ಎಷ್ಟು, ಪ್ರೀತಿ ಎಷ್ಟು ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ. ಹೊಸ ಕೋಣೆಯಲ್ಲಿ ನನ್ನ ಸುಸ್ತು ತಿಂಗಳೊಳಗೆ ಬಿಟ್ಟಿತು.

ಆಮೇಲೆಯೂ ಹೋಗಿ, ಶಿವಮೊಗ್ಗಕ್ಕೆ ಯಾವಾಗ ಎಂದು ಕೇಳುತ್ತಿದ್ದೆ. ಪ್ರತಿಸಲವೂ ಒಂದೊಂದು ನೆಪ. ಕೊನೆಯ ಸಲ ಹೋದಾಗ ನನ್ನ ಜಾಗಕ್ಕೆ ಫೈನಾನ್ಸ್ ಕಚೇರಿಯ ಹುಡುಗಿಯೊಬ್ಬಳು ಬಂದಿದ್ದಳು. ಸರೋಜಕ್ಕ ಅವಳ ಬೆನ್ನು ತಟ್ಟಿ, "ಇವಳು ನೋಡು, ಮಲಗಿದ್ರೆ ಬೆಳಿಗ್ಗೇನೇ ಏಳೋದು. ನನ್ನ ಗೊರಕೆ ಲೆಕ್ಕಕ್ಕೇ ಇಲ್ಲ. ತೊಂದ್ರೆ ಇದ್ದಿದ್ದು ನಿಂಗೆ ಮಾರಾಯ್ತಿ" ಎಂದರು. ಗೆದ್ದವರ ಮುಖ.

ಹುಡುಗಿ ನಕ್ಕಳು. "ನಾನು ಇಯರ್‌ಫೋನ್ ಹಾಕ್ಕೊಂಡೇ ಮಲಗೋದು ಮೇಡಂ."

ಗೇಟಿನ ಹತ್ತಿರ ಅವಳಿಗೆ ನನ್ನ ನಂಬರು ಕೊಟ್ಟು ಎಲ್ಲ ಹೇಳಿದೆ, ಒಂದು ಕಿವಿಯದನ್ನಾದರೂ ತೆಗೆದಿಡು ಎಂದು ಕೇಳಿಕೊಂಡೆ. ಅವಳು "ಹೂಂ" ಎಂದಳು. ಆ ಹೂಂಗಿಂತ ಹೆಚ್ಚಿನದನ್ನು ಅಪರಿಚಿತ ಹುಡುಗಿಯಿಂದ ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹುಡುಗಿಯೇ ಅಳುತ್ತ ಫೋನ್ ಮಾಡಿದಳು. ನಾನು ಹೋಗುವಷ್ಟರಲ್ಲಿ ಜಗುಲಿಯ ತುಂಬ ಕೇರಿಯವರು. ಸರೋಜಕ್ಕ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದವರೇ ಹೆಚ್ಚು.

"ಹೋದ್ರೆ ಹೀಗೆ ಹೋಗ್ಬೇಕು" ಎಂದರು ಎದುರು ಮನೆಯ ಅಜ್ಜಿ. "ಒಂದು ದಿನ ನರಳ್ಲಿಲ್ಲ. ನಿದ್ದೇಲೇ, ಅವಳಿಗೇ ಗೊತ್ತಾಗ್ದಂಗೆ. ಎಂಥ ಸುಖದ ಸಾವು, ಅಲ್ವಾ ಮೇಡಮ್ಮಾ?"

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದೆ.