ಒಬ್ಬಟ್ಟಿನ ವೇಣುಗೋಪಾಲ ಇಳಿದುಹೋದದ್ದು

ಅಟ್ಲಾಂಟಾದ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಅಡುಗೆಯ ಯೋಗ್ಯತೆ ಅಳೆಯಲು ಒಂದೇ ಒಂದು ಮಾಪನವಿತ್ತು. ಅದರ ಹೆಸರು ವೇಣುಗೋಪಾಲ. ಅವನು ಎಷ್ಟು ಒಬ್ಬಟ್ಟು ತಿಂದ ಎಂಬುದರ ಮೇಲೆ ಆ ಮನೆಯಾಕೆಯ ಮರ್ಯಾದೆ ಮುಂದಿನ ಹಬ್ಬದವರೆಗೆ ನಿಂತಿರುತ್ತಿತ್ತು. ಹನ್ನೆರಡು ತಿಂದರೆ ಆಕೆಯೇ ನಾರ್‌ಕ್ರಾಸಿನಿಂದ ಲಾರೆನ್ಸ್‌ವಿಲ್‌ವರೆಗೆ ಫೋನು ಮಾಡಿ ಹೇಳುತ್ತಿದ್ದಳು. ನಾಲ್ಕಕ್ಕೇ ನಿಲ್ಲಿಸಿದರೆ ಆ ಕೆಲಸವನ್ನು ಉಳಿದವರು ವಹಿಸಿಕೊಳ್ಳುತ್ತಿದ್ದರು.

ಹಾಗೆಂದು ಅವನೇನೂ ಜಟ್ಟಿಯಲ್ಲ. ಕೌಂಟಿಯ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಹಾಡು ಬಾರದು, ನಾಟಕ ಬಾರದು, ಶೇರು ಮಾರುಕಟ್ಟೆಯ ಮಾತಂತೂ ಬಾರದೇ ಬಾರದು. ಹೆಂಡತಿ ಶಾರದಾ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಇವನು ಪಕ್ಕದಲ್ಲಿ ಕೂತು ನಗುತ್ತಿದ್ದ. ಅವಳು ಕ್ಯಾನ್ಸರಿನಿಂದ ತೀರಿಕೊಂಡಳು. ಮಗಳು ನಿಧಿ ಕಾರಿನಲ್ಲಿ ಒಂದು ಗಂಟೆ ದೂರದ ಅಥೆನ್ಸ್ ಎಂಬ ಊರಿನ ಕಾಲೇಜಿಗೆ ಹೋದಳು. ನಾರ್‌ಕ್ರಾಸಿನ ಮನೆಯಲ್ಲಿ ಇವನೂ ಟೀವಿಯೂ ಉಳಿದರು.

ಒಂಟಿಯಾದವನನ್ನು ಕೈಬಿಡುವಷ್ಟು ಕಟುಕರಲ್ಲ ನಮ್ಮವರು. ಶನಿವಾರ ಒಬ್ಬರ ಮನೆ, ಭಾನುವಾರ ಇನ್ನೊಬ್ಬರ ಮನೆ. "ಪಾಪ, ಒಬ್ಬರೇ ಇದ್ದೀರಿ, ಇನ್ನೊಂದು ಹಾಕ್ಕೊಳಿ." ಒಬ್ಬರೇ ಇರುವುದಕ್ಕೂ ಇನ್ನೊಂದು ಒಬ್ಬಟ್ಟಿಗೂ ಏನು ಸಂಬಂಧ ಎಂದು ಕೇಳುವ ಹಾಗಿಲ್ಲ. ಬೇಡ ಎಂದರೆ ಸಂಕೋಚ, ಸಾಕು ಎಂದರೆ ಇನ್ನೂ ಬೇಕು ಎಂದರ್ಥ. ಮನೆಗೆ ಕರೆಯುವಾಗ 'ಊಟ ಮಾಡಿಕೊಂಡು ಬನ್ನಿ' ಎಂದುಬಿಟ್ಟರೆ ಮೂರು ತಲೆಮಾರು ಮಾತು ಬಿಡುವ ಜನ ನಾವು. ಹೀಗೆ ನಾಲ್ಕು ವರ್ಷ ಅವನನ್ನು ನೋಡಿಕೊಂಡರು, ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಅವನ ಪ್ಯಾಂಟುಗಳೆಲ್ಲ ದಾನಕ್ಕೆ ಹೋದವು.

ತೊಂಬತ್ತೇಳರ ವಸಂತದಲ್ಲಿ ಡಾಕ್ಟರ್ ತ್ಯಾಗರಾಜರು ತಮ್ಮ ಕ್ಲಿನಿಕ್ಕಿನಲ್ಲಿ ಅವನ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಕನ್ನಡಕ ತೆಗೆದರು. ಅರವತ್ತರ ದಶಕದ ಕೊನೆಗೆ ಬಂದು ನೆಲೆಸಿದ ಹಿರಿಯರು. ಊರಿನ ಅರ್ಧ ಕನ್ನಡಿಗರ ಬಿಪಿ ಅವರ ಕೈಯಲ್ಲಿತ್ತು.

"ನಿಮ್ಮ ತಂದೆ ಎಷ್ಟು ವರ್ಷಕ್ಕೆ ಹೋದ್ರು, ವೇಣು?"

"ಐವತ್ತೆರಡಕ್ಕೆ. ಹಾರ್ಟು."

"ನಿಮಗೀಗ?"

"ಐವತ್ತೊಂದು."

"ಶುಗರ್ ಬಾಗಿಲಲ್ಲಿ ನಿಂತಿದೆ, ಬಿಪಿ ಒಳಗೇ ಬಂದಾಗಿದೆ. ಮೂವತ್ತು ಪೌಂಡ್ ಇಳಿಸ್ಬೇಕು. ನಿಧಾನಕ್ಕೆ ರೀ, ವಾರಕ್ಕೊಂದು ಪೌಂಡ್, ಹೆಚ್ಚಂದ್ರೆ ಎರಡು. ಯಾರಾದ್ರೂ ಮಾತ್ರೆ ಗೀತ್ರೆ ಅಂದ್ರೆ ನನ್ನ ಕೇಳ್ದೆ ಮುಟ್ಬೇಡಿ."

ಇಷ್ಟು ಹೇಳಿದ ಡಾಕ್ಟರ ಬಿಳಿ ಕೋಟಿನ ಮಧ್ಯದ ಗುಂಡಿ ಎಷ್ಟೋ ವರ್ಷಗಳಿಂದ ತನ್ನ ಕಾಜಾದ ಮುಖ ಕಂಡಿರಲಿಲ್ಲ. ಆದರೂ ಮಾತು ಸರಿಯಾದದ್ದೇ. ವೇಣುಗೋಪಾಲನಿಗೆ ಎಲ್ಲವೂ ಕೇಳಿಸಿತು, ನಿಧಾನಕ್ಕೆ ಎಂಬುದೊಂದನ್ನು ಬಿಟ್ಟು.

ಮೊದಲು ಆಫೀಸಿನ ಫ್ಯಾಕ್ಸಿನಲ್ಲಿ ಎಲ್ಲರ ಕೈಗೂ ಬಂದ ಕ್ಯಾಬೇಜ್ ಸೂಪಿನ ಡಯಟ್ಟು. ವಾರವಿಡೀ ಕೋಸಿನ ನೀರು ಕುಡಿಯಬೇಕು. ಸಪ್ಪೆ ಎನಿಸಿ ಮೊದಲ ದಿನ ಉಪ್ಪು, ಎರಡನೆಯ ದಿನ ಹುಳಿಪುಡಿ ಹಾಕಿದ. ಮೂರನೆಯ ದಿನ ಲ್ಯಾಬಿನಲ್ಲಿ ಕಣ್ಣು ಕತ್ತಲಿಟ್ಟು ಸಿಂಕು ಹಿಡಿದು ನಿಂತ. ಅಲ್ಲಿಗೆ ಕೋಸಿಗೆ ವಿದಾಯ. ಆಮೇಲೆ ಫ್ಯಾಟ್ ಫ್ರೀ ಬಿಸ್ಕತ್ತು. ಆ ವರ್ಷಗಳಲ್ಲಿ ಅಮೆರಿಕವೇ ಪ್ಯಾಕೆಟ್ಟಿನ ಮೇಲಿನ ಆ ಹಸಿರು ಅಕ್ಷರಗಳನ್ನು ನಂಬಿ ಕೂತಿತ್ತು, ಇವನದೇನು ಹೆಚ್ಚು? ಕೊಬ್ಬಿಲ್ಲ ಎಂದು ಬರೆದಿದ್ದಾರೆ ಎಂದ ಮೇಲೆ ಪೂರ್ತಿ ಪ್ಯಾಕೆಟ್ ತಿಂದರೂ ಕೊಬ್ಬಿಲ್ಲ ತಾನೆ?

ಕೊನೆಗೆ ಅಜ್ಜಿಯ ದಾರಿಯೇ ಮೇಲೆಂದು ಒಪ್ಪತ್ತು ಹಿಡಿದ. ರಾತ್ರಿ ಅನ್ನ ಇಲ್ಲ, ಬರೀ ಫಲಾಹಾರ. ಫಲಾಹಾರವೆಂದರೆ ತುಪ್ಪದ ಉಪ್ಪಿಟ್ಟು, ನಾಲ್ಕು ದೋಸೆ, ಮೇಲೆ ಎರಡು ಬಾಳೆಹಣ್ಣು. ಅನ್ನ ಮುಟ್ಟದಿದ್ದರೆ ಉಪವಾಸ ಎಂದು ನಂಬಿ ಬೆಳೆದವರು ನಾವು. ಉಳಿದದ್ದೆಲ್ಲ ಹೊಟ್ಟೆಯೊಳಗೆ ಗಾಳಿಯಾಗುತ್ತದೆ. ಉಪವಾಸ ಮಾಡಿ ದಪ್ಪಗಾದ ಪುಣ್ಯಾತ್ಮರಲ್ಲಿ ವೇಣುಗೋಪಾಲನೂ ಒಬ್ಬನಾದ.

ಒಂದು ಶನಿವಾರ ನಿಧಿ ಬಂದವಳು ಫ್ರಿಜ್ಜು ತೆಗೆದು ದೋಸೆ ಹಿಟ್ಟಿನ ಡಬ್ಬಗಳನ್ನು ನೋಡಿದಳು. ಮೇಜಿನ ಮೇಲಿದ್ದ ಲ್ಯಾಬ್ ರಿಪೋರ್ಟನ್ನೂ ನೋಡಿದಳು.

"ಅಪ್ಪ, ಅಮ್ಮ ಹೋದ್ಲು. ನಂಗೆ ನೀನೂ ಹೋಗೋದು ಬೇಡ. ಓಕೆ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬಾಗಿಲು ಹಾಕಿಕೊಂಡ ಸದ್ದು ಡಾಕ್ಟರ ಮಾತಿಗಿಂತ ಚೆನ್ನಾಗಿ ಕೇಳಿಸಿತು. ಮರುದಿನದಿಂದ ಬೆಳಿಗ್ಗೆ ಅಂಗಡಿಗಳು ತೆಗೆಯುವ ಮೊದಲು ಮಾಲಿನೊಳಗೆ ಅಮೆರಿಕದ ಮುದುಕ ಮುದುಕಿಯರ ಜೊತೆ ಸುತ್ತು ಹಾಕತೊಡಗಿದ. ಊಟಕ್ಕೆ ಶಾರದಾ ತಿಂಡಿಗೆ ಇಡುತ್ತಿದ್ದ ಸಣ್ಣ ತಟ್ಟೆ ತೆಗೆದ: ಅರ್ಧ ತಟ್ಟೆ ಪಲ್ಯ, ಒಂದು ಸೌಟು ಅನ್ನ, ಹುಳಿ, ಮಜ್ಜಿಗೆ. ಯಾವುದನ್ನೂ ಪೂರ್ತಿ ಬಿಡಲಿಲ್ಲ, ಯಾವುದನ್ನೂ ಎರಡನೆಯ ಸಲ ಹಾಕಿಕೊಳ್ಳಲಿಲ್ಲ. ಹೇಳಿಕೊಳ್ಳಲು ಏನೂ ಇಲ್ಲದಷ್ಟು ಬೇಸರದ ವಿಧಾನ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವ ಹೊತ್ತಿಗೆ ಮೂವತ್ತು ಪೌಂಡ್ ಇಳಿದಿತ್ತು.

ಇನ್ನು ನಮ್ಮವರ ವಿಚಾರ. 'ಸಣ್ಣಗಾಗಿದ್ದೀರಿ' ಎಂಬುದು ನಮ್ಮಲ್ಲಿ ಹೊಗಳಿಕೆಯಲ್ಲ, ಸಂತಾಪ. ಶುಗರ್ ಇರಬೇಕು ಎಂದರು ಕೆಲವರು. ಅದಕ್ಕಿಂತ ದೊಡ್ಡದೇ ಇರಬೇಕು, ಪಾಪ ಹೇಳಿಕೊಳ್ಳುತ್ತಿಲ್ಲ ಎಂದರು ಹಲವರು. ಯಾರೋ ಬಿಳಿ ಹೆಂಗಸಿದ್ದಾಳಂತೆ, ಮಾಲಿನಲ್ಲಿ ಕಣ್ಣಾರೆ ಕಂಡವರಿದ್ದಾರೆ ಎಂಬ ಮೂರನೆಯ ಬಣವೂ ಹುಟ್ಟಿತು. ಕಂಡದ್ದು ನಿಜವೇ. ಆಕೆ ಮಿಸೆಸ್ ಹಾಲಂಡ್, ವಯಸ್ಸು ಎಪ್ಪತ್ತೆಂಟು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಯಾವಾಗಲೂ ಇವನಿಗಿಂತ ಮುಂದೆ ನಡೆಯುತ್ತಿದ್ದಳು.

ಕಾಯಿಲೆಯಲ್ಲ, ಬೇಕೆಂದೇ ಇಳಿಸಿದ್ದಾನೆ ಎಂದು ಗೊತ್ತಾದಾಗ ಎಲ್ಲರ ಮುಖ ಬದಲಾಯಿತು. ಕಾಯಿಲೆಯನ್ನು ಕ್ಷಮಿಸಬಹುದು, ಬಡಿಸಿದ್ದನ್ನು ಬೇಕೆಂದೇ ಬಿಡುವವನನ್ನು ಹೇಗೆ ಕ್ಷಮಿಸುವುದು? ಎರಡನೆಯ ಒಬ್ಬಟ್ಟಿಗೇ ತಟ್ಟೆಗೆ ಕೈ ಅಡ್ಡ ಹಿಡಿದರೆ "ನಮ್ಮನೇದು ಸೇರಲ್ವೇನೋ" ಎಂಬ ಮಾತು ಬರುತ್ತಿತ್ತು. ಅದೇ ಸಮಯಕ್ಕೆ ಬೆಂಗಳೂರಿನಿಂದ ಸುಮುಖ್ ಎಂಬ ಸಾಫ್ಟ್‌ವೇರ್ ಹುಡುಗ ಬಂದಿಳಿದ. ಕಡ್ಡಿಯಂತಿದ್ದ, ಬ್ರಹ್ಮಚಾರಿ, ಕೂತಲ್ಲೇ ಹದಿನಾಲ್ಕು ತಿಂದ. ಸಿಂಹಾಸನ ಖಾಲಿಯಿತ್ತು, ಹೆಂಗಸರು ಅವನನ್ನು ಕೂರಿಸಿದರು.

ವೇಣುಗೋಪಾಲನ ಫೋನು ಶನಿವಾರಗಳಲ್ಲಿ ಸುಮ್ಮನಾಯಿತು. ಅವನಿಗೆ ಬಹಳ ನೋವಾಯಿತು. ಕರೆಯುತ್ತಿದ್ದದ್ದು ನನ್ನನ್ನಲ್ಲ, ನನ್ನ ಹೊಟ್ಟೆಯನ್ನು ಎಂದುಕೊಂಡ. ಚಳಿಗಾಲ ಕಳೆಯುವುದರೊಳಗೆ ನಾರ್‌ಕ್ರಾಸಿನ ನಮ್ಮವರ ಅಂಗಡಿಯಿಂದ ಪ್ಯಾಕೆಟ್ಟು ಪ್ಯಾಕೆಟ್ಟು ಒಬ್ಬಟ್ಟು ಮನೆಗೆ ಬಂತು. ಮತ್ತೆ ದಪ್ಪಗಾದರೆ ಮತ್ತೆ ಕರೆದಾರು ಎಂಬ ಆಸೆ. ಎಂಟು ಪೌಂಡ್ ವಾಪಸ್ಸು ಬಂದೇಬಿಟ್ಟಿತು. ಅವನಿಗೆ ಐವತ್ತೆರಡು ತುಂಬಿತ್ತು.

ಆ ಯುಗಾದಿಗೆ ಡಾಕ್ಟರ ಮನೆಯಿಂದ ಕರೆ ಬಂತು. ಊರಿಗೆಲ್ಲ ಹೇಳಿದವರು ಇವನೊಬ್ಬನನ್ನು ಬಿಡುವ ಹಾಗಿರಲಿಲ್ಲ. ಲಾರೆನ್ಸ್‌ವಿಲ್ಲಿನ ಅವರ ದೊಡ್ಡ ಮನೆಯ ಬೇಸ್‌ಮೆಂಟಿನಲ್ಲಿ ಸಾಲು ಕುರ್ಚಿ, ಪೇಪರ್ ಪ್ಲೇಟು. ಮೂಲೆಯಲ್ಲಿ ಮೂವರು ಆಂಟಿಯರು ಸುತ್ತುವರಿದ ಸುಮುಖ್ ಬೆವರುತ್ತಿದ್ದ. ಡಾಕ್ಟರ ಹೆಂಡತಿ ರಾಜಲಕ್ಷ್ಮಿ ಒಬ್ಬಟ್ಟಿನ ಟ್ರೇ ಹಿಡಿದು ಬಂದರು.

"ನಂಗೆ ಒಂದು ಸಾಕು," ಎಂದ ವೇಣುಗೋಪಾಲ.

"ಹಬ್ಬದ ದಿನ ಎಂಥ ಡಯಟ್ಟು ರೀ! ಹಾಕೇ ಅವರಿಗೆ!" ಎಂದರು ಡಾಕ್ಟರು ಆಚೆಯಿಂದ.

"ಡಾಕ್ಟ್ರೇ, ಇಳಿಸಿ ಅಂತ ಹೇಳಿದ್ದು ನೀವೇ ಅಲ್ವಾ?"

"ಅದು ಕ್ಲಿನಿಕ್ಕಲ್ಲಿ. ಇಲ್ಲಿ ನಾನು ಹೋಸ್ಟು!"

ಎಲ್ಲರೂ ನಕ್ಕರು. ಎರಡನೆಯದು ಬಿತ್ತು. "ಇನ್ನೊಂದು, ನನ್ನಾಣೆ," ಎಂದು ರಾಜಲಕ್ಷ್ಮಿ ಬಗ್ಗಿದಾಗ ಅವನು ಕೈ ಅಡ್ಡ ಇಟ್ಟ. ಬಿಸಿ ಒಬ್ಬಟ್ಟು ಅವನ ಕೈಯ ಮೇಲೇ ಬಿತ್ತು. ತುಪ್ಪ ಬೆರಳುಗಳ ನಡುವೆ ಇಳಿಯಿತು. ಅವನು ಕೈ ತೆಗೆಯಲಿಲ್ಲ.

"ರಾಜಲಕ್ಷ್ಮಿಯವರೇ, ನಾನು ತಿನ್ನದೇ ಇದ್ರೆ ಕರೆಯಲ್ವಾ ನೀವೆಲ್ಲ?" ಜೀವಮಾನದಲ್ಲಿ ಮೊದಲ ಸಲ ಕೂಟದವರ ಮುಂದೆ ಅವನ ಧ್ವನಿ ಎದ್ದಿತ್ತು. "ಫೋನೇ ಬರ್ತಿಲ್ಲ. ಶನಿವಾರ ಒಬ್ಬನೇ ಕೂತಿರ್ತೀನಿ. ನೀವು ಕರೀಲಿ ಅಂತ ಮತ್ತೆ ತಿನ್ನೋಕೆ ಶುರು ಮಾಡಿದ್ದೀನಿ. ನಮ್ಮಪ್ಪ ಹೋದ ವಯಸ್ಸು ಕಣಮ್ಮ ನಂದು ಈಗ."

ರಾಜಲಕ್ಷ್ಮಿ ಟ್ರೇ ಹಿಡಿದೇ ನೆಟ್ಟಗಾದರು. ಬಯ್ಯುತ್ತಾರೆ ಎಂದುಕೊಂಡರು ಎಲ್ಲರೂ. ಆಕೆಯ ಕಣ್ಣು ತುಂಬಿತು.

"ಕರೆದು ಏನ್ ಮಾಡ್ಲಿ ವೇಣು? ಶಾರದಾ ಹೋದ್ಮೇಲೆ ನಿಮ್ಮ ಹತ್ರ ಏನ್ ಮಾತಾಡ್ಬೇಕು ಅಂತಾನೇ ತಿಳೀಲಿಲ್ಲ. ಬಡಿಸೋದೊಂದು ಗೊತ್ತಿತ್ತು, ಬಡಿಸ್ದೆ. ನೀವು ಬೇಡ ಅಂದ್ಬಿಟ್ರೆ ನಂಗೆ ಬೇರೆ ಏನೂ ಬರಲ್ಲ."

ನಾಲ್ಕು ವರ್ಷ ತಾನು ತಿಂದದ್ದು ಏನು ಎಂದು ವೇಣುಗೋಪಾಲನಿಗೆ ಆಗ ತಿಳಿಯಿತು. ಬಾಯಲ್ಲಿ ಹೇಳಲಾಗದವರು ತಟ್ಟೆಗೆ ಹಾಕಿದ್ದರು. ಅವನೂ ಬಾಯಲ್ಲಿ ಕೇಳಲಾಗದೆ ತಿಂದಿದ್ದ.

"ಅವಳ ಹೆಸರು ಹೇಳಿ," ಎಂದ. "ಅಷ್ಟು ಸಾಕು ನಂಗೆ. ಮನೇಲಿ ಹೇಳೋರು ಯಾರೂ ಇಲ್ಲ."

ರಾಜಲಕ್ಷ್ಮಿ ಟ್ರೇಯನ್ನು ಪಿಂಗ್‌ಪಾಂಗ್ ಟೇಬಲ್ಲಿನ ಮೇಲಿಟ್ಟು, ಅವನ ಕೈ ಒರೆಸಲು ಪೇಪರ್ ಟವೆಲ್ ಕೊಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಅತಿಥಿಗಳ ಮಧ್ಯೆ ಆಕೆ ಕೂತದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ಕಂಡಿರಲಿಲ್ಲ.

"ಶಾರದಾ ಈ ದೇಶಕ್ಕೆ ಬಂದ ಮೊದಲ್ನೇ ಯುಗಾದೀಲಿ ಕಣಕಕ್ಕೆ ಏನ್ ಹಾಕಿದ್ಲು ಗೊತ್ತಾ? ಚಿರೋಟಿ ರವೆ ಸಿಗ್ಲಿಲ್ಲ ಅಂತ ಪ್ಯಾನ್‌ಕೇಕ್ ಮಿಕ್ಸು! ಒಬ್ಬಟ್ಟು ಕಾವಲಿ ಮೇಲೆ ದಿಂಬಿನ ಥರ ಉಬ್ಬಿಬಿಡ್ತು. ಇವರು ಡಾಕ್ಟ್ರು, ಭೇಷ್ ಭೇಷ್ ಅಂತ ಐದು ತಿಂದ್ರು!"

ವೇಣುಗೋಪಾಲ ನಕ್ಕ. ನಗುತ್ತಲೇ ಅತ್ತ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಶಾರದಾಳನ್ನು ಹೊರತೆಗೆದರು. ಅವನು ಆ ದಿನ ತಿಂದದ್ದು ಒಂದೇ ಒಬ್ಬಟ್ಟು, ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಉಳಿದದ್ದನ್ನು, ಅನ್ನಬ್ರಹ್ಮನಿಗೆ ಅವಮಾನವಾಗಬಾರದೆಂಬ ಒಂದೇ ಉದ್ದೇಶದಿಂದ, ಡಾಕ್ಟರು ತಿಂದರು.

ಮುಂದಿನ ಶನಿವಾರ ಮಧ್ಯಾಹ್ನ ಫೋನು ಹೊಡೆದುಕೊಂಡಿತು.

"ವೇಣು, ಸಂಜೆ ಬನ್ನಿ, ಸುಮ್ನೆ ಮಾತಾಡೋಣ," ಎಂದರು ರಾಜಲಕ್ಷ್ಮಿ. ಮುಂದಿನ ಮಾತು ಹೇಳಲು ಆಕೆಗೆ ಎಷ್ಟು ಕಷ್ಟವಾಯಿತೆಂಬುದು ತಂತಿಯಲ್ಲೇ ತಿಳಿಯುತ್ತಿತ್ತು. "ಊಟ... ಊಟ ಮುಗಿಸ್ಕೊಂಡೇ ಬನ್ನಿ."

ಇಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಇಷ್ಟು ಪ್ರೀತಿಯಿಂದ ಕರೆದಿರಲಿಲ್ಲ. ಸಂಜೆ ಸಣ್ಣ ತಟ್ಟೆಯಲ್ಲಿ ಅರ್ಧ ಪಲ್ಯ, ಒಂದು ಸೌಟು ಅನ್ನ ಹಾಕಿಕೊಂಡು ಊಟ ಮಾಡಿದ. ತಟ್ಟೆ ತೊಳೆದಿಟ್ಟು ಕಾರಿನ ಕೀಲಿ ತೆಗೆದುಕೊಂಡ.