ಫಾರ್ಗೊ ಲಾರಿಯ ಟಾಪು

ಕುಂಜತ್ತೂರಿನ ಫಿಡೆಲಿಸ್ ಕ್ರಾಸ್ತಾ ಟಿಂಕರ್ ಕೆಲಸದವನು. ನೆಗ್ಗಿದ ಬಾಗಿಲು ತಟ್ಟಿ ಸರಿಮಾಡುತ್ತಿದ್ದ, ತುಕ್ಕು ತಿಂದ ಮಡ್‌ಗಾರ್ಡಿಗೆ ಹೊಸ ತಗಡು ಕೂರಿಸುತ್ತಿದ್ದ. ಸೊಟ್ಟಗಾದ ಬಾನೆಟ್ಟನ್ನು ಅವನಷ್ಟು ನಯವಾಗಿ ನೇರ ಮಾಡುವವರು ಹೊಸಂಗಡಿಯಿಂದ ತಲಪಾಡಿಯವರೆಗೆ ಇನ್ನೊಬ್ಬರಿರಲಿಲ್ಲ. ಆದರೆ ಎಂಬತ್ತೊಂಬತ್ತರ ಬೇಸಗೆಯ ನಂತರ ಅವನು ಯಾವ ಲಾರಿಯ ಟಾಪಿಗೂ ಕೈ ಹಚ್ಚಿದ್ದಿಲ್ಲ. ಮೇಲ್ಭಾಗ ಜಜ್ಜಿಹೋದ ಗಾಡಿ ಯಾರಾದರೂ ತಂದರೆ, "ಅದು ನನ್ನಿಂದಾಗುವುದಿಲ್ಲ, ಮಂಗಳೂರಿಗೆ ಕೊಂಡುಹೋಗಿ" ಎಂದು ಬೆನ್ನು ತಿರುಗಿಸುತ್ತಿದ್ದ. ಕಾರಣ ಕೇಳಿದವರಿಗೆ ಭುಜದ ನೋವು ಎನ್ನುತ್ತಿದ್ದ.

ಗ್ಯಾರೇಜು ಅಂದರೆ ಮನೆಗೆ ತಾಗಿಕೊಂಡೇ ಇದ್ದ ಒಂದು ತಗಡಿನ ಶೆಡ್ಡು. ಅಡುಗೆಮನೆಯ ಕಿಟಕಿಯಿಂದ ಕರೆದರೆ ಅಲ್ಲಿಗೆ ಕೇಳುತ್ತಿತ್ತು. ಹೆಂಡತಿ ಗ್ರೇಸಿ ಊಟಕ್ಕೆ ಕರೆದಳೆಂದರೆ ಅವನು ಸುತ್ತಿಗೆಯನ್ನು ಇದ್ದಲ್ಲೇ ಇಟ್ಟು ಎದ್ದುಬರುತ್ತಿದ್ದ. ಹಿಂದೆ ಹಾಗಿರಲಿಲ್ಲ. ಐದು ನಿಮಿಷ, ಐದು ನಿಮಿಷ ಎಂದು ಗಂಜಿ ಆರಿಹೋಗುವವರೆಗೆ ಕಾಯಿಸುವವನು. ಈಗ ಆ ಮಾತೇ ಅವನ ಬಾಯಿಂದ ಬೀಳುತ್ತಿರಲಿಲ್ಲ. ಗಂಡನಿಗೆ ಬುದ್ಧಿ ಬಂತೆಂದು ಗ್ರೇಸಿ ಮೊದಮೊದಲು ಖುಷಿಪಟ್ಟಳು. ಮತ್ತೆ ಒಂದು ದಿನ, ಶೆಡ್ಡಿನ ಹಿಂದೆ ಬಟ್ಟೆ ಒಣಹಾಕುತ್ತಿದ್ದಾಗ, ಒಳಗೆ ಅವನು "ಆಯಿತು, ಈಗ ಆಯಿತು" ಎಂದು ಯಾರಿಗೋ ಸಮಾಧಾನ ಹೇಳುವುದು ಕೇಳಿಸಿತು. ಹೋಗಿ ನೋಡಿದರೆ ಒಂದು ಜೀಪಿನ ಖಾಲಿ ಬಾಡಿಯ ಪಕ್ಕದಲ್ಲಿ ಅವನೊಬ್ಬನೇ ನಿಂತಿದ್ದ. ಅವಳು ತಿರುಗಿ ಬಟ್ಟೆಯ ಕಡೆಗೆ ಹೋದಳು.

ತೊಂಬತ್ತೇಳರ ನವೆಂಬರಿನಲ್ಲಿ ಕಡಪ್ಪುರದ ಅಬೂಬಕರ್ ತನ್ನ ತಂದೆಯ ಹಳೇ ಫಾರ್ಗೊ ಲಾರಿಯನ್ನು ಆ ಅಂಗಳಕ್ಕೆ ತಂದು ನಿಲ್ಲಿಸಿದ. ತಂದೆ ಉಸ್ಮಾನ್ ಮೂವತ್ತು ವರ್ಷ ಅದರಲ್ಲಿ ಬಂಗುಡೆ, ಮಂಜುಗಡ್ಡೆ ಹೇರಿ ಓಡಿಸಿದವರು. ದುಂಡು ಮೂತಿಯ, ಎರಡು ಹೋಳು ಗಾಜಿನ ಆ ಲಾರಿಯ ಮೇಲೆಯೇ ಫಿಡೆಲಿಸ್ ಸುತ್ತಿಗೆ ಹಿಡಿಯಲು ಕಲಿತದ್ದು.

"ಪೊರ್ಬುಗಳೇ, ಇದರ ತಲೆ ಆರು ಇಂಚು ಇಳಿಸಬೇಕು," ಎಂದ ಅಬೂಬಕರ್. ಆ ಊರಿನಲ್ಲಿ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಅವನ ಮನೆ ರೈಲು ಹಳಿಯ ಆಚೆ, ಕಡಲ ಬದಿಗೆ. ಹೆದ್ದಾರಿಯಿಂದ ಅಲ್ಲಿಗೆ ಇದ್ದದ್ದು ಹಳಿಯ ಅಡಿಯಲ್ಲಿ ನುಸುಳುವ ಮೋರಿಯ ದಾರಿ ಒಂದೇ. ಮಳೆನೀರು ನಿಲ್ಲಬಾರದೆಂದು ಮೋರಿಯ ನೆಲಕ್ಕೆ ಕಾಂಕ್ರೀಟು ಬಿದ್ದ ಮೇಲೆ ಅದರೊಳಗೆ ಫಾರ್ಗೊದ ತಲೆ ಹಿಡಿಯುತ್ತಿರಲಿಲ್ಲ. ಎರಡು ವರ್ಷದಿಂದ ಲಾರಿ ಹೆದ್ದಾರಿಯ ಬದಿಯಲ್ಲೇ ಬಿಸಿಲು ಮಳೆ ತಿನ್ನುತ್ತಿತ್ತು.

"ಮಂಗಳೂರಿಗೆ ಕೊಂಡುಹೋಗು," ಎಂದ ಫಿಡೆಲಿಸ್.

"ಬಾಪ ಹಾಸಿಗೆ ಹಿಡಿದಿದ್ದಾರೆ. ದಿನಾ ಕೇಳುವುದು ಒಂದೇ, ಗಾಡಿ ಎಲ್ಲುಂಟು ಅಂತ. ಅವರ ಕಣ್ಣೆದುರು ಅಂಗಳದಲ್ಲಿ ನಿಂತರೆ ಸಾಕು ನನಗೆ. ನೀವು ಆಗುವುದಿಲ್ಲ ಅಂದರೆ ಗುಜರಿಯವನ ಹತ್ತಿರ ಹೋಗುತ್ತೇನೆ. ಗ್ಯಾಸ್ ಕಟರ್ ಹಚ್ಚಿದರೆ ಅರ್ಧ ಗಂಟೆಯ ಕೆಲಸ ಅಂದ."

ಫಿಡೆಲಿಸ್ ಲಾರಿಯ ಬಾಗಿಲಿನ ಮೇಲೆ ಕೈಯಿಟ್ಟ. "ಗ್ಯಾಸ್ ಬೇಡ," ಎಂದ. "ಬಿಟ್ಟುಹೋಗು. ಬ್ಲೇಡಿನಲ್ಲಿ ಕೊಯ್ಯುತ್ತೇನೆ."

ಎರಡು ದಿನ ತಯಾರಿಗೇ ಹೋಯಿತು. ಗಾಜು, ಸೀಟು ಬಿಚ್ಚಿ ಹೊರಗಿಟ್ಟ. ಕೊಯ್ದ ಮೇಲೆ ಕ್ಯಾಬಿನ್ನು ಅಗಲ ಬಿಡಬಾರದೆಂದು ಒಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದ. ಟಾಪನ್ನು ಹೊತ್ತ ನಾಲ್ಕು ಕಂಬಗಳಿಗೂ ಸುಣ್ಣದ ಕಡ್ಡಿಯಿಂದ ಎರಡೆರಡು ಗೆರೆ ಎಳೆದ. ಆ ಗೆರೆಗಳ ನಡುವಿನ ಆರಾರು ಇಂಚು ಹಾರಬೇಕು. ಮೂರನೆಯ ದಿನ ಬೆಳಿಗ್ಗೆ ಚಾ ಕುಡಿದು ಬಂದು ಡ್ರೈವರ್ ಬದಿಯ ಮುಂಗಂಬಕ್ಕೆ ಹ್ಯಾಕ್ಸಾ ಇಟ್ಟ. ಬ್ಲೇಡು ಬಣ್ಣ ದಾಟಿ ಕಬ್ಬಿಣಕ್ಕೆ ತಾಗಿ ಕಿರ್ರೆಂದಿತು.

"ಎಷ್ಟು ಹೊತ್ತು ಉಂಟು ಅಣ್ಣ?"

ಕ್ಯಾಬಿನ್ನಿನ ಒಳಗಿನಿಂದ, ಮೊಳದಷ್ಟು ದೂರದಿಂದ ಬಂದ ಸ್ವರ. ಫಿಡೆಲಿಸ್ ಬಗ್ಗಿ ನೋಡಲಿಲ್ಲ. ಅಲ್ಲಿ ಸೀಟೂ ಇಲ್ಲ, ಯಾರೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಬ್ಲೇಡು ನಿಲ್ಲಿಸಿದರೆ ಸ್ವರವೂ ನಿಲ್ಲುತ್ತಿತ್ತು. ಎಳೆದರೆ ಮತ್ತೆ ಅದೇ ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಆ ಒಂದು ಕಂಬ ಹೇಗೋ ಮುಗಿಯಿತು. ಮುಂದಿನದಕ್ಕೆ ಅವನ ಕೈ ಏಳಲಿಲ್ಲ.

ಎಂಬತ್ತೊಂಬತ್ತರ ಏಪ್ರಿಲಿನಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಕೆಂಪುಕಲ್ಲು ಹೇರಿಕೊಂಡು ಬಂದ ಲಾರಿಯೊಂದು ಬಸ್ಸಿಗೆ ದಾರಿ ಬಿಡಲು ಹೋಗಿ ಹೆದ್ದಾರಿಯ ತಿರುವಿನ ಗೋಳಿಮರಕ್ಕೆ ಗುದ್ದಿತ್ತು. ಹಿಂದಿನ ಕಲ್ಲುಗಳೆಲ್ಲ ಮುಂದಕ್ಕೆ ನುಗ್ಗಿ ಕ್ಯಾಬಿನ್ನು ಚಪ್ಪಟೆಯಾಗಿತ್ತು. ಬಾಗಿಲು ತೆರೆಯುವ ಹಾಗಿರಲಿಲ್ಲ. ಟಾಪು ಕೊಯ್ದೇ ಡ್ರೈವರನನ್ನು ತೆಗೆಯಬೇಕಿತ್ತು. ಜನ ಓಡಿಬಂದು ಗ್ಯಾಸ್ ಸಿಲಿಂಡರನ್ನು ಕೈಗಾಡಿಗೆ ಹೇರಿ ಫಿಡೆಲಿಸನನ್ನು ಕರೆದೊಯ್ದರು.

ಡ್ರೈವರ್ ಪೆರ್ಲದ ಶ್ಯಾಮ. ಇಪ್ಪತ್ತಾರು, ಇಪ್ಪತ್ತೇಳರ ಪ್ರಾಯ. ಸ್ಟೇರಿಂಗು ಎದೆಗೆ ಒತ್ತಿತ್ತು, ಎಚ್ಚರ ಇತ್ತು. ರಸ್ತೆಯ ಮೇಲೆ ಡೀಸೆಲ್ ಹರಿದಿತ್ತು. ಎದುರಿನ ಅಂಗಡಿಯ ಮುದ್ದಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಅದರ ಮೇಲೆ ಬುಟ್ಟಿ ಬುಟ್ಟಿ ಮರಳು ಸುರಿದು, ಕೊಡಗಳಲ್ಲಿ ನೀರು ತಂದಿಟ್ಟು, "ಇನ್ನು ಹಚ್ಚು ಫಿಡೆಲಿಸ್, ನಾವಿದ್ದೇವೆ" ಎಂದ. ಫಿಡೆಲಿಸ್ ಲೈಟರ್ ಕೈಗೆತ್ತಿಕೊಂಡ. ಬೆರಳು ಒತ್ತಲಿಲ್ಲ. "ಬೇಡ, ಬೆಂಕಿ ಹಿಡಿದರೆ ಒಳಗಿದ್ದವನೂ ಉಳಿಯುವುದಿಲ್ಲ" ಎಂದು ಹೇಳಿ ಹ್ಯಾಕ್ಸಾ ತೆಗೆದ. ಅದು ಬುದ್ಧಿವಂತರ ಮಾತೆಂದು ಎಲ್ಲರೂ ಒಪ್ಪಿದರು. ಆ ಗಳಿಗೆಯಲ್ಲಿ ತಾನು ಹೆದರಿದ್ದು ಒಳಗಿದ್ದವನಿಗಾಗಿ ಅಲ್ಲ, ತನಗಾಗಿ ಎಂಬುದು ಫಿಡೆಲಿಸನಿಗೆ ಮಾತ್ರ ಗೊತ್ತಿತ್ತು.

"ಎಷ್ಟು ಹೊತ್ತು ಉಂಟು ಅಣ್ಣ?" ಎಂದು ಶ್ಯಾಮ ಒಳಗಿನಿಂದ ಕೇಳಿದ.

"ಐದು ನಿಮಿಷ."

ಅವನು ಮತ್ತೆ ಕೇಳಿದ, ಮತ್ತೆ ಅದೇ ಉತ್ತರ. ಅವಸರವಿಲ್ಲದ ಸ್ವರ, ಬಸ್ಸಿಗೆ ಕಾಯುವವನ ಹಾಗೆ. ಆರು ಸಲವೋ ಏಳು ಸಲವೋ ಕೇಳಿದ. ಮತ್ತೆ ಕೇಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಟಾಪು ಎತ್ತಿದಾಗ ಅವನ ಕಣ್ಣು ತೆರೆದೇ ಇತ್ತು, ಜೀವ ಹೋಗಿತ್ತು.

ಫಾರ್ಗೊದ ಒಂದು ಕಂಬ ಕೊಯ್ದ ಮರುದಿನ ಫಿಡೆಲಿಸ್ ಇಸ್ತ್ರಿಯ ಅಂಗಿ ಹಾಕಿ ಹೊರಟ. ಎಲ್ಲಿಗೆಂದು ಗ್ರೇಸಿ ಕೇಳಿದ್ದಕ್ಕೆ "ಗಾಜು ಕೊಯ್ಸಲಿಕ್ಕೆ" ಎಂದ. ಕುಂಬಳೆಯಲ್ಲಿ ಇಳಿದು, ಬದಿಯಡ್ಕದ ದಾರಿಯ ಬಸ್ಸು ಹಿಡಿದು ಪೆರ್ಲಕ್ಕೆ ಹೋದ. ಲಾರಿಯಲ್ಲಿ ತೀರಿಕೊಂಡ ಶ್ಯಾಮನ ಮನೆ ಎಂದರೆ ಬಸ್‌ಸ್ಟ್ಯಾಂಡಿನಲ್ಲೇ ದಾರಿ ತೋರಿಸಿದರು.

ಜಗಲಿಯಲ್ಲಿ ಮೊರ ಇಟ್ಟುಕೊಂಡು ಹೆಂಗಸೊಬ್ಬಳು ಬೀಡಿ ಕಟ್ಟುತ್ತಿದ್ದಳು. ಶ್ಯಾಮನ ಹೆಂಡತಿ ಪ್ರಫುಲ್ಲಾ.

"ನಾನು ಕುಂಜತ್ತೂರಿನವ ಅಮ್ಮ. ಶ್ಯಾಮನ ಲಾರಿಯ ಟಾಪು ಕೊಯ್ದದ್ದು ನಾನು."

ಅವಳು ಎದ್ದು ಚಾಪೆ ಹಾಸಿದಳು. "ಕೂತುಕೊಳ್ಳಿ. ಅತ್ತೆ ಒಳಗೆ ಮಲಗಿದ್ದಾರೆ, ಮೆಲ್ಲ ಮಾತಾಡುವ." ನೀರು, ಬೆಲ್ಲ ತಂದಿಟ್ಟು ಮತ್ತೆ ಬೀಡಿ ಎಲೆ ಕೈಗೆತ್ತಿಕೊಂಡಳು. "ಅವರನ್ನು ಹೊರಗೆ ತೆಗೆದವರು ನೀವು ಅಂತಾಯಿತು. ನಾನು ನೋಡಿದ್ದೇ ಇಲ್ಲ ನಿಮ್ಮನ್ನು."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಫಿಡೆಲಿಸ್ ಒಂದೇ ಉಸಿರಿನಲ್ಲಿ ಹೇಳಿದ. "ಗ್ಯಾಸ್ ಇತ್ತು ಅಮ್ಮ. ಮರಳು ಹಾಕಿ ಕೊಟ್ಟಿದ್ದರು. ನನಗೆ ಹೆದರಿಕೆಯಾಯಿತು, ಹಚ್ಚಲಿಲ್ಲ. ಹಚ್ಚಿದ್ದರೆ ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಬ್ಲೇಡಿನಲ್ಲಿ ಮುಕ್ಕಾಲು ಗಂಟೆ ಹೋಯಿತು."

"ಅದಕ್ಕೆಂತ ಈಗ?" ಎಂದಳು ಪ್ರಫುಲ್ಲಾ. ಬೀಡಿಗೆ ನೂಲು ಸುತ್ತುವ ಅವಳ ಬೆರಳು ನಿಲ್ಲಲಿಲ್ಲ. "ಹತ್ತು ನಿಮಿಷ ಆದರೂ ಒಂದೇ, ಒಂದು ಗಂಟೆ ಆದರೂ ಒಂದೇ. ಅವರು ಗುದ್ದಿದಲ್ಲೇ ಹೋಗಿ ಆಗಿತ್ತಲ್ಲ. ಎಂತದೂ ಗೊತ್ತಾಗಲಿಲ್ಲ ಅವರಿಗೆ ಅಂತ ಲಾರಿಯ ಧಣಿಯೇ ಬಂದು ಹೇಳಿದ್ದರು."

ತನ್ನ ತಪ್ಪನ್ನು ಒಪ್ಪಿಕೊಳ್ಳಲು ಬಂದವನು ಅವಳಿಗೆ ಗೊತ್ತಿಲ್ಲದ್ದು ಉಂಟೆಂದು ಯೋಚಿಸಿಯೇ ಇರಲಿಲ್ಲ. ಹೌದು ಎಂದು ತಲೆಯಾಡಿಸಿ, ನೀರು ಕುಡಿದು ಎದ್ದುಹೋಗಬಹುದಿತ್ತು. ತಲೆಯಾಡಿಸಲು ಅವನು ನೋಡಿದ. ಅಷ್ಟರಲ್ಲಿ ಅವಳು ಮುಖವೆತ್ತಿ ಅವನನ್ನೇ ನೋಡುತ್ತಿದ್ದಳು. ಬೆರಳು ನಿಂತಿತ್ತು.

"ಜೀವ ಇತ್ತಾ?"

"ಇತ್ತು."

"ಮಾತಾಡಿದರಾ?"

"ಎಷ್ಟು ಹೊತ್ತು ಉಂಟು ಅಂತ ಕೇಳಿದ."

"ನೀವು?"

"ಐದು ನಿಮಿಷ ಅಂತ ಹೇಳಿದೆ. ಕೇಳಿದಾಗಲೆಲ್ಲ ಹಾಗೇ ಹೇಳಿದೆ."

ಅವಳು ಮೊರದಲ್ಲಿದ್ದ ಹೊಗೆಸೊಪ್ಪಿನ ಪುಡಿಯನ್ನು ಕೈಯಿಂದ ಒಂದು ಬದಿಗೆ ಒಟ್ಟುಮಾಡಿದಳು. ಮತ್ತೆ ಹರಡಿದಳು. "ನೋವುಂಟು ಅಂದರಾ?"

"ಇಲ್ಲ."

"ನನ್ನ ಹೆಸರು ಹೇಳಿದರಾ?"

ಒಂದು ಸುಳ್ಳು ಹೇಳುವ ಅವಕಾಶ ಫಿಡೆಲಿಸನಿಗೆ ಎರಡನೆಯ ಸಲ ಸಿಕ್ಕಿತ್ತು. "ಇಲ್ಲ ಅಮ್ಮ," ಎಂದ.

ಒಳಗೆ ಮುದುಕಿ ಕೆಮ್ಮಿದಳು. ಪ್ರಫುಲ್ಲಾ ಅತ್ತ ಕಿವಿಗೊಟ್ಟು, ಕೆಮ್ಮು ನಿಂತ ಮೇಲೆ, "ನೀವು ಈಗ ಹೋಗಿ," ಎಂದಳು. ಸಿಟ್ಟಿನ ಸ್ವರವಲ್ಲ ಅದು.

ಬಸ್ಸಿನಲ್ಲಿ ಅವನು ಕಿಟಕಿಯ ಕಬ್ಬಿಣಕ್ಕೆ ಹಣೆ ಒತ್ತಿ ಕೂತ. ಎಂಟು ವರ್ಷ ತಾನು ಹೊತ್ತದ್ದನ್ನು ಇಳಿಸಿಕೊಳ್ಳಲು ಹೋಗಿ ಇನ್ನೊಬ್ಬಳ ತಲೆಗೆ ಹೊರಿಸಿ ಬಂದೆ ಅನಿಸಿತು. ತನ್ನ ಹೊರೆಯಾದರೂ ಹಗುರಾಯಿತೋ ಎಂದು ನೋಡಿಕೊಂಡ. ಇಲ್ಲ, ಅದು ಇದ್ದ ಹಾಗೇ ಇತ್ತು.

ಗಾಜಿಲ್ಲದೆ ಬರಿಗೈಯಲ್ಲಿ ಬಂದ ಗಂಡನನ್ನು ಗ್ರೇಸಿ ಅಡುಗೆಮನೆಯ ಮಣೆಯ ಮೇಲೆ ಕೂರಿಸಿದಳು. ಅಂದು ಅವನು ಅವಳಿಗೂ ಎಲ್ಲ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಕಡೆಗೆ ಹೇಳಿದ್ದು ಇಷ್ಟೇ: "ಎಂಟು ವರ್ಷ ನಾನು ಈ ಗೋಡೆಯ ಆಚೆಗೇ ಇದ್ದೆ. ನನ್ನ ಹತ್ತಿರ ಹೇಳುವುದು ಬಿಟ್ಟು ಆ ಹೆಂಗಸಿನ ಹತ್ತಿರ ಹೋಗಿ ಹೇಳಿದಿರಾ?"

ಮರುದಿನ ಅವಳು ಅಕ್ಕಿಯ ತಟ್ಟೆ ಹಿಡಿದುಕೊಂಡು ಶೆಡ್ಡಿಗೇ ಬಂದು ಕೂತಳು. ಉಳಿದ ಮೂರು ಕಂಬಗಳನ್ನು ಫಿಡೆಲಿಸ್ ಅವಳೆದುರೇ ಕೊಯ್ದ. ಸ್ವರ ಬಂತು. ಅವನು ತುಟಿ ಅಲುಗಿಸಿ ಉತ್ತರಿಸಿದ. ಗ್ರೇಸಿ ತಲೆಯೆತ್ತಿ ನೋಡಿ, ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಟಾಪು ಕಳಚಿದಾಗ ಒಂದು ಬದಿಯನ್ನು ಅವಳೇ ಹಿಡಿದಳು. ಇಳಿಸಿ ಇಟ್ಟರೆ ಹೊಂದಲಿಲ್ಲ. ಫಾರ್ಗೊದ ಮುಂಗಂಬಗಳು ಹಿಂದಕ್ಕೆ ವಾಲಿಕೊಂಡಿರುವುದರಿಂದ ಗಿಡ್ಡ ಮಾಡಿದಾಗ ಮುಂದುಗಡೆ ಮೂರು ಬೆರಳು ಕಡಿಮೆ ಬಿದ್ದಿತ್ತು. ಟಾಪನ್ನೇ ಅಡ್ಡಕ್ಕೆ ಸೀಳಿ, ನಡುವೆ ಹೊಸ ತಗಡಿನ ಪಟ್ಟಿ ಕೊಟ್ಟು ಬೆಸೆದ. ಉಜ್ಜಿ ಉಜ್ಜಿ ಬೆಸುಗೆಯ ಗುರುತು ಅಡಗಿಸಲು ಹತ್ತು ದಿನ ಬೇಕಾಯಿತು.

ಕ್ರಿಸ್ಮಸ್ಸಿನ ಹಿಂದಿನ ವಾರ ಅಬೂಬಕರ್ ಲಾರಿಯನ್ನು ಮೋರಿಯೊಳಗೆ ನುಗ್ಗಿಸಿದ. ಟಾಪಿಗೂ ಮೇಲಿನ ಕಲ್ಲಿಗೂ ನಡುವೆ ಎರಡು ಬೆರಳು ಉಳಿಯಿತು. ಕಿಟಕಿಯ ಹತ್ತಿರ ದಿಂಬಿಗೊರಗಿಸಿದ್ದ ಉಸ್ಮಾನ್ ಅಂಗಳದಲ್ಲಿ ನಿಂತ ಗಾಡಿಯನ್ನು ಬಹಳ ಹೊತ್ತು ನೋಡಿ, "ನನ್ನ ಹಾಗೇ ಕುಗ್ಗಿದೆಯಲ್ಲ," ಎಂದರಂತೆ. ಹೇಳಿ ನಕ್ಕರಂತೆ. ಫೆಬ್ರವರಿಯಲ್ಲಿ ತೀರಿಕೊಂಡರು.

ಶ್ಯಾಮನ ಸ್ವರ ಮಾತ್ರ ಫಿಡೆಲಿಸನನ್ನು ಬಿಟ್ಟುಹೋಗಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಪ್ರಫುಲ್ಲಾ ಶೆಡ್ಡಿನ ಬಾಗಿಲಿನಲ್ಲಿ ನಿಂತಿದ್ದಳು. ಗ್ರೇಸಿ ಕೊಟ್ಟ ಚಾ ಕುಡಿದಳು. "ಆ ಜಾಗ ನನಗೆ ತೋರಿಸಿ," ಎಂದಳು. "ಅಲ್ಲಿ ನಿಂತು ಇನ್ನೊಮ್ಮೆ ಹೇಳಿ. ಅಂದು ನೀವು ಅವಸರದಲ್ಲಿ ಹೇಳಿದಿರಿ, ನನಗೆ ಸರಿಯಾಗಿ ಕೇಳಲಿಲ್ಲ."

ಇಬ್ಬರೂ ತಿರುವಿಗೆ ನಡೆದುಹೋದರು. ಗೋಳಿಮರ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದಿದ್ದರು. ಮರ ಎಲ್ಲಿತ್ತು, ಲಾರಿ ಎಲ್ಲಿ ನಿಂತಿತ್ತು ಎಂದು ಫಿಡೆಲಿಸ್ ಹೆಜ್ಜೆ ಎಣಿಸಿ ತೋರಿಸಿದ. ಮೊದಲಿನಿಂದ ಕಡೆಯವರೆಗೆ ಹೇಳಿದ. ಮರಳಿನ ಬುಟ್ಟಿ, ಕೈಯಲ್ಲಿದ್ದ ಲೈಟರ್, ಶ್ಯಾಮ ಕೇಳಿದ್ದು, ತಾನು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಸೆರಗನ್ನು ಮೂಗಿಗೆ ಹಿಡಿದು ಕೇಳಿಸಿಕೊಂಡಳು.

"ಅವರ ಮುಖ ಯಾವ ದಿಕ್ಕಿಗಿತ್ತು?"

"ಪಡುವಕ್ಕೆ."

ಪ್ರಫುಲ್ಲಾ ಪಡುವಕ್ಕೆ ತಿರುಗಿ ನಿಂತಳು. ಅತ್ತ ತೆಂಗಿನ ಮರಗಳು, ಒಂದು ಸೈಕಲ್ ಅಂಗಡಿಯ ಹಿಂಗೋಡೆ, ಅದರಾಚೆ ಬಿಳಿ ಬಿಸಿಲು. ಗಾಡಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಫಿಡೆಲಿಸ್ ಸರಿದು, ಅವಳಿಗೂ ರಸ್ತೆಗೂ ನಡುವೆ ನಿಂತುಕೊಂಡ. ಅವಳು ಮನೆಗೆ ಮರಳಲು ಹಿಡಿಯಬೇಕಾದ ಕಾಸರಗೋಡಿನ ಬಸ್ಸು ಬಂದು ವೇಗ ಇಳಿಸಿತು. ಅವಳು ಕೈ ತೋರಿಸಲಿಲ್ಲ. ಬಸ್ಸು ಹೋಯಿತು.