ನಲವತ್ತೆಂಟು ಕೆಂಪು ಬಾಳೆಹಣ್ಣು

ಕೆಂಪು ಬಾಳೆಹಣ್ಣನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಮದುವೆಯಾದ ಏಳನೆಯ ವರ್ಷದಲ್ಲಿ. ಅಲ್ಲಿಯವರೆಗೆ ಮಸ್ಕಿಯ ಬಸ್ ನಿಲ್ದಾಣದ ಮುಂದಿನ ಗಾಡಿಗಳಲ್ಲಿ ಸಿಗುವ ಎರಡೇ ಜಾತಿ ನನಗೆ ಗೊತ್ತಿದ್ದವು: ಉದ್ದನೆಯ ಪಚ್ಚಬಾಳೆ, ಗಿಡ್ಡನೆಯ ಯಾಲಕ್ಕಿ. ಬಾಳೆಹಣ್ಣಿನ ಬಗ್ಗೆ ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವುದು ಏನಿದೆ ಎಂದುಕೊಂಡಿದ್ದೆ. ಈಗ ಯಾರಾದರೂ ಮನೆಗೆ ಬಾಳೆಹಣ್ಣು ತಂದರೆ ಸಿಟ್ಟು ನೆತ್ತಿಗೇರುತ್ತದೆ. ತಂದವರ ಮೇಲಲ್ಲ, ನನ್ನ ಮೇಲೆ.

ಮನೆಯಲ್ಲಿ ನಾವು ಮೂರು ಜನ. ನಾನು ಮಸ್ಕಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮೂರನೆಯವಳು ನನ್ನ ಅವ್ವ. ನಾಲ್ಕನೆಯ ಜೀವ ಬರಲಿಲ್ಲವೆಂಬುದು ಅವ್ವನ ಕೊರಗು. ಬಾಯಿಬಿಟ್ಟು ಸೊಸೆಯನ್ನು ಬೈದವಳಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು, ಜಗಳ ಮಾಡಿ ಮುಗಿಸಬಹುದಿತ್ತು. ಅವ್ವ ಪ್ರೀತಿಯಿಂದಲೇ ಹರಕೆ ಹೊರುತ್ತಿದ್ದಳು, ತಾಯಿತ ಕಟ್ಟುತ್ತಿದ್ದಳು, ಕಷಾಯ ಕುದಿಸುತ್ತಿದ್ದಳು.

ಅಂಥದರಲ್ಲಿ ಒಂದು ದಿನ ಸಿಂಧನೂರಿನಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ ಆಕೆ. ಚಹಾದ ಕಪ್ಪು ಕೆಳಗಿಡುವ ಮೊದಲೇ ಶುರುಮಾಡಿದಳು.

"ಆಕಿಗೆ ಕೆಂಪ ಬಾಳಿಹಣ್ಣು ತಿನಿಸಬೇ. ಖಾಲಿ ಹೊಟ್ಟಿಲೆ, ಜೇನತುಪ್ಪ ಹಚ್ಚಿ, ದಿನಕ್ಕೊಂದು, ಒಂದು ಮಂಡಲ. ಕ್ಯಾಂಪಿನ್ಯಾಗ ಒಬ್ಬಾಕಿ ತೆಲುಗರಾಕಿಗೆ ಹನ್ನೊಂದು ವರ್ಷದ ಮ್ಯಾಲ ಕೂಸ ಆಗೈತಿ. ನನ್ನ ಕಣ್ಣಾರೆ ನೋಡೀನಿ."

ಮಂಡಲ ಎಂದರೆ ನಲವತ್ತೆಂಟು ದಿನ. ಅವ್ವ ಅಲ್ಲೇ ಕ್ಯಾಲೆಂಡರಿನ ಕಡೆ ನೋಡಿದಳು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಮಾತಾಡಬೇಕಾಗಿದ್ದದ್ದು ಆಗಲೇ.

ಯಾಕೆಂದರೆ ಅದಕ್ಕೆ ಎರಡು ತಿಂಗಳು ಮೊದಲು ಲಿಂಗಸುಗೂರಿಗೆ ಒಬ್ಬನೇ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆ. ಹೆಂಡತಿಯ ರಿಪೋರ್ಟುಗಳೆಲ್ಲ ಸರಿಯಾಗಿವೆ, ಇನ್ನು ನಿಮ್ಮದೊಂದು ಆಗಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಲ್ಯಾಬಿನ ಹುಡುಗಿ ತಲೆ ಎತ್ತದೆ ಲಕೋಟೆ ಕೊಟ್ಟಳು. ವೀರ್ಯಾಣು ಒಂದೂ ಇಲ್ಲ ಎಂದಿತ್ತು. ತಪ್ಪಿರಬೇಕೆಂದು ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಎರಡನೆಯದರಲ್ಲೂ ಅದೇ. ಆ ಸಂಜೆ ಹೆಂಡತಿ ಬಾಗಿಲಲ್ಲೇ ನಿಂತು, "ಏನಂತ್ರಿ?" ಎಂದು ಕೇಳಿದಳು. "ನಾರ್ಮಲ್," ಎಂದೆ. ಆ ಒಂದು ಶಬ್ದ ಬಾಯಿಂದ ಹೇಗೆ ಬಿತ್ತೋ ನನಗೇ ತಿಳಿಯದು. ಆಕೆಯ ಮುಖ ಸಣ್ಣದಾಯಿತು. ಇಬ್ಬರೂ ನಾರ್ಮಲ್ ಎಂದರೆ ಜನ ಯಾರನ್ನು ನೋಡುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹಣ್ಣು ತರುವ ಕೆಲಸ ನನ್ನ ಪಾಲಿಗೆ ಬಂತು. ಮಸ್ಕಿಯಲ್ಲಿ ಸಿಗಲಿಲ್ಲ. ದೊಡ್ಡವ್ವ ಹೇಳಿದ ಗುರುತು ಹಿಡಿದು ಭಾನುವಾರ ಸಿಂಧನೂರಿಗೆ ಬಸ್ಸು, ಅಲ್ಲಿಂದ ದಢೇಸುಗೂರಿನ ಕಡೆ ಹೋಗುವ ಟಂಟಂ ಆಟೋ ಹಿಡಿದು ಕಾಲುವೆ ದಂಡೆಯಲ್ಲಿ ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪಿಗೆ ಹೋದೆ. ಸುತ್ತ ಎಲ್ಲ ಭತ್ತ. ನಡುವೆ ಒಬ್ಬ ಮುದುಕ ಅರ್ಧ ಎಕರೆಯಲ್ಲಿ ಬಾಳೆ ಹಾಕಿಕೊಂಡಿದ್ದ. ಅವನ ತಂದೆ ಆಂಧ್ರದಿಂದ ಬರುವಾಗ ಚೀಲದಲ್ಲಿ ಕಟ್ಟಿಕೊಂಡು ಬಂದ ಕಂದುಗಳ ಸಂತಾನವಂತೆ ಅವೆಲ್ಲ.

ಮುದುಕನಿಗೆ ಗಿರಾಕಿಗಿಂತ ಕೇಳುವ ಕಿವಿ ಬೇಕಾಗಿತ್ತು. ತೋಟವೆಲ್ಲ ತಿರುಗಿಸಿದ. ಇದು ಚಕ್ಕರಕೇಳಿ, ಸಿಪ್ಪೆ ಕಾಗದದಷ್ಟು ತೆಳು, ಮದುವೆ ಊಟಕ್ಕೆ. ಇದು ಅಮೃತಪಾಣಿ, ರುಚಿಯಲ್ಲಿ ರಾಜ, ಆದರೆ ಹಣ್ಣಾದರೆ ಗೊನೆಯಿಂದ ತಾನೇ ಉದುರುತ್ತದೆ, ಪೇಟೆಗೆ ಒಯ್ಯಲಾಗದು. ಇದು ಬೂದಿಬಾಳೆ, ಮೈಮೇಲೆಲ್ಲ ಬೂದಿ ಬಳಿದಂತೆ, ಪಲ್ಯಕ್ಕೆ. ಮೂಲೆಯಲ್ಲಿ ಕೆಂಪು ಬಾಳೆ. ದಿಂಡೂ ಕೆಂಪು, ಎಲೆಯ ನಡುದಂಟೂ ಕೆಂಪು, ಗೊನೆಯಂತೂ ಒಣಗಿದ ರಕ್ತದ ಬಣ್ಣ. ಬೇರೆಯವು ವರ್ಷದೊಳಗೆ ಗೊನೆ ಬಿಟ್ಟರೆ ಇದಕ್ಕೆ ಒಂದೂವರೆ ವರ್ಷ ಬೇಕಂತೆ.

"ಮಂಡಲಕ್ಕೇನ್ರಿ ಸಾರ್?" ಎಂದು ಕೇಳಿದ.

"ಇಲ್ಲ ಇಲ್ಲ, ಮನ್ಯಾಗ ಇಷ್ಟ, ಅದಕ್ಕ," ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕೆಂಪು ಕೇಳ್ಕೊಂಡು ಬರೋರು ಎರಡ ನಮೂನಿ ಸಾರ್. ಸಕ್ಕರಿ ಕಾಯಿಲಿಯೋರು, ಇಲ್ಲಾ ಮಕ್ಕಳಿಲ್ಲದೋರು. ನಿಮಗ ಸಕ್ಕರಿ ಬರೋ ವಯಸ್ಸಲ್ಲ ಬಿಡ್ರಿ."

ಅವನ ಕೆಲಸದ ರೀತಿ ಮಾತ್ರ ಮೆಚ್ಚಬೇಕಾದ್ದು. ಒಂದೇ ಚಿಪ್ಪು ಕೊಟ್ಟರೆ ಏಳೂ ಹಣ್ಣು ಒಂದೇ ದಿನ ಮಾಗುತ್ತವೆ, ಮಂಡಲದವರಿಗೆ ಅದು ಒದಗುವುದಿಲ್ಲ ಎಂದು ಗೊನೆಯ ಮೇಲಿನಿಂದ ಕೆಳಗಿನವರೆಗೆ ಬೇರೆ ಬೇರೆ ಚಿಪ್ಪಿನಿಂದ ಒಂದೊಂದೇ ಕೊಯ್ದ. ತೊಟ್ಟಿನ ಬಳಿ ಹೆಬ್ಬೆರಳಿಂದ ಒತ್ತಿ ನೋಡಿ, "ಇದು ಸೋಮವಾರದ್ದು, ಇದು ಮಂಗಳವಾರದ್ದು," ಎಂದು ಸಾಲಾಗಿ ಜೋಡಿಸಿ ಭತ್ತದ ಹುಲ್ಲಿನಲ್ಲಿ ಸುತ್ತಿಕೊಟ್ಟ. ಅವನ ವಾರ ಒಮ್ಮೆಯೂ ತಪ್ಪಲಿಲ್ಲ.

ದಿನಾ ಬೆಳಿಗ್ಗೆ ಅವ್ವ ಹಣ್ಣನ್ನು ದೇವರ ಜಗಲಿಯ ಮೇಲಿಟ್ಟು, ಕೈಮುಗಿದು, ಸುಲಿದು, ಜೇನು ಹಚ್ಚಿ ಸೊಸೆಯ ಕೈಗೆ ಕೊಡುತ್ತಿದ್ದಳು. ಇಪ್ಪತ್ಮೂರನೆಯ ದಿನ ಹೆಂಡತಿ ಹೊರಗಾದಳು. ದೇವರ ಮುಂದಿಟ್ಟ ಹಣ್ಣು ಆ ದಿನಗಳಲ್ಲಿ ಮುಟ್ಟುವಂತಿಲ್ಲ, ನಡುವೆ ತಪ್ಪಿದರೆ ಮಂಡಲ ಮುರಿಯಿತು, ಐದು ದಿನ ಬಿಟ್ಟು ಮತ್ತೆ ಒಂದರಿಂದ ಎಂದು ಅವ್ವ ತೀರ್ಪು ಕೊಟ್ಟಳು. ಮತ್ತೆ ಒಂದರಿಂದ ಶುರುವಾಯಿತು. ಇಪ್ಪತ್ತನಾಲ್ಕಕ್ಕೆ ನಿಂತಿತು. ಮತ್ತೆ ಒಂದು.

ಮೂರನೆಯ ಸಲ ನಿಂತಾಗ ಹೆಂಡತಿ ಹಿತ್ತಲಲ್ಲಿ ನಗುತ್ತ ಹೇಳಿದಳು. "ಏನ್ರಿ, ತಿಂಗಳಿಗೊಮ್ಮೆ ಹೊರಗಾಗೋ ಹೆಣಮಗಳು ಒಂದೂ ದಿನ ತಪ್ಪದಂಗ ನಲವತ್ತೆಂಟ ದಿನ ಹೆಂಗ ತಿನ್ನಬೇಕ್ರಿ? ಇದು ಮುಗಿಯೋ ಲೆಕ್ಕ ಅಲ್ಲ. ಅತ್ತಿಯವರಿಗೆ ನೀವರ ಹೇಳ್ರಿ."

ಹೇಳಿದೆ. ಅವ್ವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಬಸುರಾದ್ರ ಹೊರಗಾಗಂಗಿಲ್ಲಲೇ, ಲೆಕ್ಕ ತಾನ ಮುಗೀತೈತಿ. ಅದಕ್ಕ ಅಲ್ಲೇನು ತಿನ್ನೋದು?"

ಮಕ್ಕಳಾಗಬೇಕೆಂದರೆ ಮಂಡಲ ಮುಗಿಯಬೇಕು, ಮಂಡಲ ಮುಗಿಯಬೇಕೆಂದರೆ ಬಸುರಾಗಬೇಕು. ಆ ಸುತ್ತಿನಿಂದ ಆಕೆಯನ್ನು ಹೊರಗೆ ಎಳೆಯುವ ಒಂದೇ ಮಾತು ನನ್ನ ಬಾಯಲ್ಲಿತ್ತು. ಉಗುಳಲಿಲ್ಲ, ನುಂಗಲೂ ಆಗಲಿಲ್ಲ. ಭಾನುವಾರ ಬಂದರೆ ಚೀಲ ಹಿಡಿದು ಕ್ಯಾಂಪಿಗೆ ಹೋದೆ. ಆಕೆ ಬೇಯುತ್ತಿದ್ದ ಬಾಣಲೆಗೆ ನಾನೇ ಕಟ್ಟಿಗೆ ತಂದುಕೊಡುತ್ತಿದ್ದೆ. ಮೊದಲೆಲ್ಲ ಹಣ್ಣು ಘಮ್ಮೆನ್ನುತ್ತದೆ ಎಂದ ಹೆಂಡತಿ ಈಗ ವಾಸನೆಗೇ ಹೊಟ್ಟೆ ತೊಳಸುತ್ತದೆ ಎಂದು ಮೂಗು ಮುಚ್ಚಿ ನುಂಗುತ್ತಿದ್ದಳು. ಅವ್ವನಿಗೆ ಅದರಲ್ಲೂ ಶುಭಲಕ್ಷಣವೇ ಕಂಡಿತು.

ಐದನೆಯ ಸಲ ಇಪ್ಪತ್ತನಾಲ್ಕು ದಾಟಿತು. ಇಪ್ಪತ್ತೆಂಟು ದಾಟಿತು. ಮೂವತ್ತೈದು. ಅವ್ವ ಸೊಸೆಗೆ ಕೊಡ ಎತ್ತಲು ಬಿಡಲಿಲ್ಲ. ಓಣಿಯಲ್ಲಿ ಕಣ್ಣಲ್ಲೇ ಸುದ್ದಿ ಹಬ್ಬಿತು. ದೊಡ್ಡವ್ವ ದಿನಾ ಫೋನು ಮಾಡಿ, "ಇವತ್ತಿಗೆಷ್ಟು?" ಎಂದು ಕೇಳುತ್ತಿದ್ದಳು.

ನನ್ನ ಪಾಡು ಯಾರಿಗೂ ಬೇಡ. ಇದು ಆಗದ ಮಾತು ಎಂದು ಈ ಜಗತ್ತಿನಲ್ಲಿ ತಿಳಿದವನು ನಾನೊಬ್ಬನೇ. ಆದರೂ ಆಗಿದ್ದರೆ? ನಾಚಿಕೆ ಬಿಟ್ಟು ಬರೆಯುತ್ತೇನೆ: ಹೆಂಡತಿಯ ಮೇಲೆ ಸಂಶಯಪಟ್ಟೆ. ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ಗಡಿಯಾರ ನೋಡಿದೆ. ಸ್ನಾನಕ್ಕೆ ಹೋದಾಗ ಆಕೆಯ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಕೇಳೋಣವೆಂದರೆ ಕೇಳುವುದು ಹೇಗೆ? ಯಾಕೆ ಕೇಳುತ್ತೀರಿ ಎಂದು ಆಕೆ ಒಂದು ಮಾತು ತಿರುಗಿ ಕೇಳಿದರೆ ನಾನು ಲಿಂಗಸುಗೂರಿನಿಂದ ಶುರುಮಾಡಬೇಕು. ಅನ್ನ ಸೇರದಾಯಿತು. ಕಚೇರಿಯಲ್ಲಿ ಬಂದವರ ಮೇಲೆಲ್ಲ ಹರಿಹಾಯ್ದೆ.

ನಲವತ್ತಾರನೆಯ ದಿನ ಭಾನುವಾರ. "ನಾನೂ ಬರ್ತೀನ್ರಿ, ಆ ಗಿಡ ನೋಡಬೇಕು," ಎಂದು ಹೆಂಡತಿ ಹೊರಟಳು. ಕೊನೆಯ ಎರಡು ಹಣ್ಣು ತರುವುದಿತ್ತು. ಅವ್ವ ಬೇಡವೆಂದಳು, ಬಸ್ಸಿನ ಕುಲುಕಾಟ ಆಗದು ಎಂದು. ಆಕೆ ಕೇಳಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಕೆಗೆ ಪುಕ್ಕಟೆ ಚೀಟಿ, ನನಗೆ ರೊಕ್ಕದ ಚೀಟಿ ಹರಿದುಕೊಟ್ಟ.

ಮುದುಕ ಆಕೆಯನ್ನು "ಬಾ ತಾಯಿ" ಎಂದು ಕರೆದು ಕೆಂಪು ಬಾಳೆಯ ಬುಡಕ್ಕೆ ಒಯ್ದ. ಅದೇ ಗಡ್ಡೆಯಿಂದ ಎದ್ದ ಒಂದು ಮರಿ ಪೂರಾ ಹಸಿರಾಗಿತ್ತು. ಕೆಂಪಿಗೆ ಒಮ್ಮೊಮ್ಮೆ ಹೀಗೆ ಹಸಿರು ಹುಟ್ಟುತ್ತದೆ, ರುಚಿಯಲ್ಲಿ ಫರಕಿಲ್ಲ, ಆದರೆ ಯಾರೂ ಕೊಳ್ಳುವುದಿಲ್ಲ ಎಂದು ಹೇಳಿ ಕುಡುಗೋಲು ತರಲು ಮನೆಯ ಕಡೆ ಹೋದ. ಅವನು ಆಚೆ ಹೋದದ್ದೇ ತಡ, ಆಕೆ ದಿಂಡು ಹಿಡಿದುಕೊಂಡು ಅಳತೊಡಗಿದಳು.

"ನಾ ಹೊರಗಾಗಿದ್ದೆ ರೀ. ಇಪ್ಪತ್ತನಾಕನೇ ದಿನ. ಯಾರಿಗೂ ಹೇಳಲಿಲ್ಲ. ಇನ್ನೊಂದು ಬರೂದ್ರಾಗ ನಲವತ್ತೆಂಟ ಮುಗೀತೈತಿ ಅಂತ ಲೆಕ್ಕ ಹಾಕಿ ಮುಚ್ಚಿಟ್ಟೆ. ನನಗ ಸಾಕಾಗಿತ್ರಿ. ಒಮ್ಮೆ ಮುಗುದ್ರ ಸಾಕಾಗಿತ್ತು."

ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದದ್ದಕ್ಕೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. "ಆತ ಬಿಡು, ಅದಕ್ಕ್ಯಾಕ ಅಳ್ತಿ?" ಎಂದೆ.

"ದೇವರ ಮುಂದಿಟ್ಟ ಹಣ್ಣು ಮುಟ್ಟಿ ತಿಂದೀನ್ರಿ. ಅತ್ತಿಯವರಿಗೆ ಸುಳ್ಳ ಹೇಳೀನಿ. ಇನ್ನ ಮಕ್ಕಳಾಗದಿದ್ರ ಅದು ನನ್ನ ತಪ್ಪಿಗೇ."

ಲೆಕ್ಕದ ಟೀಚರು ಆಕೆ. ಇಂಥವನ್ನೆಲ್ಲ ನಂಬದವಳು. ಅಂಥವಳೂ ಐದು ತಿಂಗಳು ಹಣ್ಣು ತಿಂದು ಇಲ್ಲಿಗೆ ಬಂದು ಮುಟ್ಟಿದ್ದಳು. ಅಯ್ಯೋ ಶಿವನೇ, ಇನ್ನೂ ಬಾಯಿ ಮುಚ್ಚಿಕೊಂಡು ನಿಂತರೆ ನಾನು ಮನುಷ್ಯನಲ್ಲ ಎನಿಸಿತು.

"ನಿನ್ನ ತಪ್ಪಲ್ಲ. ದೋಷ ನನ್ನಾಗ ಐತಿ. ಅವತ್ತು ನಾರ್ಮಲ್ ಅಂದದ್ದು ಸುಳ್ಳು."

ಆಕೆ ಅಳು ನಿಲ್ಲಿಸಿದಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡೆ. ಆಕೆ ಕೇಳಿದ್ದು ಒಂದೇ.

"ಅಂದ್ರ, ನಾ ಮೊದಲನೇ ಹಣ್ಣು ತಿನ್ನೂಕಿಂತ ಮೊದಲ ನಿಮಗ ಗೊತ್ತಿತ್ತೇನ್ರಿ?"

"ಹೂಂ."

ಮುದುಕ ಬಂದು ಎರಡು ಹಣ್ಣು ಕೊಯ್ದು, ಸೋಮವಾರದ್ದು, ಮಂಗಳವಾರದ್ದು ಎಂದು ಕೊಟ್ಟ. ಆಕೆಯೇ ಕೈಚೀಲ ಹಿಡಿದುಕೊಂಡಳು. ಸೋಮವಾರ ಬೆಳಿಗ್ಗೆ ಅವ್ವ ಕೊಟ್ಟದ್ದನ್ನು ಸದ್ದಿಲ್ಲದೆ ತಿಂದು ಶಾಲೆಗೆ ಹೋದಳು. ನನಗೆ ಒಂದು ಮಾತೂ ಆಡಲಿಲ್ಲ.

ಮಂಗಳವಾರ ಎಂಟು ಗಂಟೆಗೇ ದೊಡ್ಡವ್ವ ಸೇರಿ ಐದು ಮಂದಿ ಮುತ್ತೈದೆಯರು ಉಡಿ ತುಂಬಲು ಬಂದು ಕೂತರು. ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು ಎಲ್ಲ ಸಿದ್ಧ. ಅವ್ವ ನಲವತ್ತೆಂಟನೆಯ ಹಣ್ಣು ಸುಲಿದು ಜೇನು ಹಚ್ಚಿ ಸೊಸೆಯ ಮುಂದೆ ಹಿಡಿದಳು. ಆಕೆ ಕೈ ಚಾಚಲಿಲ್ಲ.

"ಅತ್ತಿ, ಇದನ್ನ ತಿನ್ನೂಕಿಂತ ಮೊದಲ ನಿಮ್ಮ ಮಗ ಏನೋ ಹೇಳೋದೈತಿ. ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲು ಹತ್ತಿರವೇ ಇತ್ತು. ಕಚೇರಿಗೆ ಹೊತ್ತಾಯಿತು ಎಂದು ಹೊರಟುಬಿಡಬಹುದಿತ್ತು, ಒಂದು ಕ್ಷಣ ಆ ಯೋಚನೆಯೂ ಬಂತು.

"ಎವ್ವಾ, ದೋಷ ನನ್ನಾಗ ಐತಿ. ಲಿಂಗಸುಗೂರಾಗ ಎರಡ ಸಲ ನೋಡಿಸೀನಿ. ಆಕೀಗೆ ಏನೂ ಆಗಿಲ್ಲ, ಬಸರೂ ಇಲ್ಲ. ಎಷ್ಟ ಹಣ್ಣು ತಿಂದ್ರೂ ಆಗಂಗಿಲ್ಲ."

ಅವ್ವ ನನ್ನನ್ನು ನೋಡಲಿಲ್ಲ. ಸೊಸೆಯನ್ನು ನೋಡಿದಳು. "ಏನ ಹೇಳಿಕೊಟ್ಟೀಬೇ ನನ್ನ ಮಗಗ?"

"ಆಕಿ ಏನೂ ಹೇಳಿಕೊಟ್ಟಿಲ್ಲ!" ನನ್ನ ದನಿಗೆ ನಾನೇ ಬೆಚ್ಚಿದೆ. "ಸುಳ್ಳ ಹೇಳಿದಾಂವ ನಾನು. ಹಣ್ಣು ತಂದಾಂವನೂ ನಾನು. ಮೊದಲಿಂದ ಗೊತ್ತಿತ್ತು ನನಗ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ದೊಡ್ಡವ್ವ ಕುಂಕುಮ ಕೂಡ ಹಚ್ಚಿಸಿಕೊಳ್ಳದೆ ಹೋದಳು. ಅವ್ವ ಸುಲಿದ ಹಣ್ಣು ಹಿಡಿದು ಕೂತೇ ಇದ್ದಳು. ಜೇನು ಮಣಿಕಟ್ಟಿನವರೆಗೆ ಇಳಿದಿತ್ತು. ಆ ಕೈಯನ್ನು ನನ್ನ ಕಡೆ ಚಾಚಿದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ಆಸೆಯೇ ಇತ್ತು.

"ಹಂಗಾದ್ರ ಇದನ್ನ ನೀ ತಿನ್ನಬೇಕಾಗಿತ್ತಲ್ಲೋ ಯಪ್ಪಾ. ತಗೋ. ಇವತ್ತಿಗೆ ಒಂದು."

ನಾನು ತೆಗೆದುಕೊಂಡೆ. ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡಳು, ಗೂಟದ ಮೇಲಿನ ಶಾಲೆಯ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಭಾನುವಾರದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ತಿನ್ರಿ. ನಿಮ್ಮದು ನಲವತ್ತೆಂಟಕ್ಕ ಮುಗೀತೈತಿ."